ಅವಳಿ ಮಕ್ಕಳು ಹೇಗೆ ಆಗುತ್ತವೆ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂಬ ಮಾತನ್ನು ನೀವು ಕೇಳಿರಬಹುದು. ಇದು ನಿಜವಲ್ಲ. ಅವಳಿಗಳಲ್ಲಿ ಎರಡು ವಿಧಗಳಿವೆ.

ಬೇರೆ ರೂಪದ ಅವಳಿ: ಒಂದೇ ತಿಂಗಳಲ್ಲಿ ಎರಡು ಅಂಡಾಣುಗಳು ಬಿಡುಗಡೆಯಾಗಿ, ಎರಡು ಬೇರೆ ವೀರ್ಯಾಣುಗಳೊಡನೆ ಸೇರುತ್ತವೆ. ಒಂದು ಗಂಡು, ಒಂದು ಹೆಣ್ಣು ಆಗಬಹುದು. ತಾಯಿಯ ವಂಶದಲ್ಲಿ ಇಂತಹ ಅವಳಿಗಳಿದ್ದರೆ ಸಾಧ್ಯತೆ ಹೆಚ್ಚು. ಪ್ರತಿ ಮಗುವಿಗೂ ಪ್ರತ್ಯೇಕ ಮಾಸು ಇರುತ್ತದೆ.

ತದ್ರೂಪಿ ಅವಳಿ: ವೀರ್ಯಾಣು ಸೇರಿದ ಒಂದೇ ಅಂಡಾಣು ಎರಡು ಭಾಗವಾಗುತ್ತದೆ. ಮೊದಲ 3 ದಿನಗಳೊಳಗೆ ಭಾಗವಾದರೆ ಎರಡು ಮಾಸು. ತಡವಾದರೆ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ಮಾಸು.

ಒಂದೇ ಮಾಸು ಇದ್ದಾಗ ಕೆಲವೊಮ್ಮೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿದು, ಎರಡೂ ಮಕ್ಕಳ ಜೀವಕ್ಕೆ ಅಪಾಯವಾಗುತ್ತದೆ. ಆದ್ದರಿಂದ 11ರಿಂದ 14 ವಾರಗಳೊಳಗೆ ಸ್ಕ್ಯಾನಿಂಗ್ ಮಾಡಿಸಿ, “ಮಾಸು ಒಂದೋ, ಎರಡೋ?” ಎಂದು ವೈದ್ಯರನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಒಂದೇ ಆಗಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು.

ಅವಳಿಗಳು ದಿನ ತುಂಬುವ ಮೊದಲೇ ಹುಟ್ಟುವುದು ಹೆಚ್ಚು. ಎಡಕುಮೇರಿಯಂತಹ ಘಟ್ಟದ ಕಾಡಿನ ನಡುವೆ ಇರುವವರು ನೋವು ಬರುವವರೆಗೆ ಕಾಯಬೇಡಿ. ವೈದ್ಯರ ಸಲಹೆಯಂತೆ ಮೊದಲೇ ಸಕಲೇಶಪುರ ಅಥವಾ ಹಾಸನಕ್ಕೆ ಬಂದಿರಿ.