ಮರದ ಬುಡದ ಡಬ್ಬಿಯಲ್ಲಿ ಮಗುವಿಗೇನು ಸಿಗಬೇಕು?

ರಜಾದಿನ ಬಂತೆಂದರೆ ಮಕ್ಕಳನ್ನು ಟಿ.ವಿ. ಮತ್ತು ಮೊಬೈಲಿನ ಮುಂದಿನಿಂದ ಎಬ್ಬಿಸುವುದೇ ತಾಯಂದಿರಿಗೆ ದೊಡ್ಡ ಕೆಲಸ. ಅಮೇರಿಕ, ಜರ್ಮನಿ, ಇಂಗ್ಲೆಂಡ್‌ನಂಥ ದೇಶಗಳಲ್ಲಿ ಇದಕ್ಕೆ ಅನೇಕ ಕುಟುಂಬಗಳು ಕಂಡುಕೊಂಡಿರುವ ಒಂದು ದಾರಿ ಜಿಯೋಕ್ಯಾಶಿಂಗ್. ಹೆಸರು ಕೇಳಿ ಇದು ಹಣದ ವ್ಯವಹಾರವೆಂದು ಭಾವಿಸಬೇಡಿ. ಇಲ್ಲಿ ಕ್ಯಾಶ್ ಎಂದರೆ ಅಡಗಿಸಿಟ್ಟ ವಸ್ತು. ಯಾರೋ ಒಬ್ಬರು ಉದ್ಯಾನದ ಮರದ ಬುಡದಲ್ಲೋ ಬೆಟ್ಟದ ಕಲ್ಲಿನ ಸಂದಿಯಲ್ಲೋ ಒಂದು ಡಬ್ಬಿಯನ್ನು ಮರೆಯಾಗಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಉಪಕರಣ ಅಥವಾ ಮೊಬೈಲ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಇಂದು ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ತಾಣಗಳಿವೆ.

ದೊಡ್ಡವರಿಗೆ ಹುಡುಕಾಟವೇ ಸಂತೋಷ. ಮಕ್ಕಳಿಗೆ ಹಾಗಲ್ಲ. ಎರಡು ಮೈಲಿ ನಡೆದು, ಎಲೆ ಸರಿಸಿ, ಕಲ್ಲೆತ್ತಿ ನೋಡಿದ ಮಗುವಿಗೆ ಡಬ್ಬಿಯ ಮುಚ್ಚಳ ತೆರೆಯುವ ಆ ಒಂದು ಕ್ಷಣವೇ ಎಲ್ಲ. ಅದರೊಳಗೆ ಆಟಿಕೆಗಳು, ಕೀ ಚೈನ್‌ಗಳು, ಗೋಲಿಗಳಂಥ ಪುಟ್ಟ ವಸ್ತುಗಳಿರುತ್ತವೆ. ಒಂದನ್ನು ತೆಗೆದುಕೊಂಡು ಬದಲಿಗೆ ಇನ್ನೊಂದನ್ನು ಇಡಬಹುದು. ಆದರೆ ಮುಚ್ಚಳ ತೆರೆದಾಗ ತಲೆ ಮುರಿದ ಗೊಂಬೆ, ಒದ್ದೆಯಾದ ಬಸ್ ಟಿಕೆಟ್, ತುಕ್ಕು ಹಿಡಿದ ಮೊಳೆ, ಅಂಟಂಟಾದ ಮಿಠಾಯಿ ಕಾಗದ ಸಿಕ್ಕಿದರೆ? ಆ ಮಗುವಿನ ಮುಖವನ್ನು ಊಹಿಸಿಕೊಳ್ಳಿ. ಡಬ್ಬಿಯಲ್ಲಿ ಏನಿಡಬೇಕು, ಏನಿಡಬಾರದು, ಕಸವನ್ನು ಯಾರು ತೆಗೆಯಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಈ ಆಟ ನಿಂತಿರುವುದೇ ಅದರ ಉತ್ತರದ ಮೇಲೆ.

ಒಂದು ಬಕೆಟ್ಟಿನಿಂದ ಆರಂಭ

ಜಿಪಿಎಸ್ ಅಮೇರಿಕದ ಸೇನೆಯ ವ್ಯವಸ್ಥೆ. ಜನಸಾಮಾನ್ಯರಿಗೆ ಸಿಗುವ ಸಂಕೇತಗಳಲ್ಲಿ ಅಲ್ಲಿನ ಸರಕಾರ ಬೇಕೆಂದೇ ದೋಷ ಸೇರಿಸಿತ್ತು. ಆದ್ದರಿಂದ ಉಪಕರಣ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ಸುಮಾರು 100 ಮೀಟರ್ ವ್ಯತ್ಯಾಸವಿರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಈ ದೋಷವನ್ನು ತೆಗೆದುಹಾಕಲಾಯಿತು. ಒಂದೇ ರಾತ್ರಿಯಲ್ಲಿ ಸಾಧಾರಣ ಉಪಕರಣವೂ ಹತ್ತಿಪ್ಪತ್ತು ಮೀಟರ್‌ಗಳಷ್ಟು ನಿಖರವಾಯಿತು.

ಇದನ್ನು ಪರೀಕ್ಷಿಸಿ ನೋಡಬೇಕೆಂದು ಡೇವ್ ಅಲ್ಮರ್ ಎಂಬವರು 2000ದ ಮೇ 3ರಂದು ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಬಳಿಯ ಬೀವರ್‌ಕ್ರೀಕ್ ಎಂಬಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತಿಟ್ಟರು. ಅದರಲ್ಲಿ ಪುಸ್ತಕ, ವಿಡಿಯೋ, ಕಂಪ್ಯೂಟರ್ ಸಾಫ್ಟ್‌ವೇರ್, ಸ್ವಲ್ಪ ಹಣ, ಒಂದು ಕವಣೆ ಹಾಗೂ ಒಂದು ಡಬ್ಬಿ ಹುರುಳಿಕಾಯಿ ಬೀಜವಿತ್ತು. ಜಾಗದ ವಿವರವನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಅವರು ಇಟ್ಟ ನಿಯಮ ಒಂದೇ: ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟುಹೋಗಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಎಂಬವರು ಈ ಆಟಕ್ಕಾಗಿಯೇ ಒಂದು ವೆಬ್‌ಸೈಟ್ ತೆರೆದರು. ಅಲ್ಲಿಂದ ಅದು ದೇಶ ದೇಶಗಳಿಗೆ ಹಬ್ಬಿತು.

ಮೊದಲ ಬಕೆಟ್ಟಿನಲ್ಲಿದ್ದ ಕೆಲವನ್ನು ಇಂದಿನ ನಿಯಮಗಳು ಒಪ್ಪುವುದಿಲ್ಲ ಎಂಬುದು ಸ್ವಾರಸ್ಯಕರ. ಈಗ ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆದು ಡಬ್ಬಿಯನ್ನು ಹೂಳುವಂತಿಲ್ಲ. ತಿನ್ನುವ ವಸ್ತು ಇಡಬಾರದು ಎನ್ನುವುದಂತೂ ಆಟದ ಮೊದಲ ಪಾಠ. ಅನುಭವವೇ ಈ ನಿಯಮಗಳನ್ನು ಕಲಿಸಿತು.

ಡಬ್ಬಿ ಕಸದ ತೊಟ್ಟಿಯಾಗುವ ಬಗೆ

ಡಬ್ಬಿಯನ್ನು ಮೊದಲು ಇಡುವವರು ಸಾಮಾನ್ಯವಾಗಿ ಪ್ರೀತಿಯಿಂದಲೇ ತುಂಬುತ್ತಾರೆ. ಹತ್ತು ಒಳ್ಳೆಯ ವಸ್ತುಗಳಿವೆ ಎಂದುಕೊಳ್ಳೋಣ. ಮೊದಲು ಬಂದವರು ಅವುಗಳಲ್ಲಿ ಅತ್ಯುತ್ತಮವಾದುದನ್ನು ತೆಗೆದುಕೊಂಡು ಅದಕ್ಕಿಂತ ತುಸು ಕಡಿಮೆಯದನ್ನು ಇಡುತ್ತಾರೆ. ಎರಡನೆಯವರು ಉಳಿದುದರಲ್ಲಿ ಉತ್ತಮವಾದುದನ್ನು ತೆಗೆದು ಇನ್ನೂ ಕಡಿಮೆಯದನ್ನು ಇಡುತ್ತಾರೆ. ಮೂರನೆಯವರು ಏನೂ ತಂದಿರುವುದಿಲ್ಲ. ಜೇಬು ತಡಕಾಡಿ ಹಳೆಯ ಟಿಕೆಟ್ ಹಾಕುತ್ತಾರೆ. ಹತ್ತಾರು ಜನ ಬಂದುಹೋಗುವಷ್ಟರಲ್ಲಿ ಡಬ್ಬಿ ತುಂಬಾ ಕಸ. ಇವರಲ್ಲಿ ಯಾರೂ ಕಳ್ಳರಲ್ಲ. ಪ್ರತಿಯೊಬ್ಬರೂ ತೆಗೆದು ಇಟ್ಟಿದ್ದಾರೆ. ಆದರೆ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿಸಿದ್ದಾರೆ. ಕೊನೆಯಲ್ಲಿ ಬಂದ ಮಗುವಿನ ಪಾಲಿಗೆ ತಳ ಮಾತ್ರ ಉಳಿದಿದೆ.

ಅದಕ್ಕಾಗಿಯೇ ಅನುಭವಿಗಳು ಒಂದು ಸೂತ್ರ ಹೇಳುತ್ತಾರೆ: ತೆಗೆದುದಕ್ಕಿಂತ ಉತ್ತಮವಾದುದನ್ನು ಇಡಿ, ಇಲ್ಲವೇ ಸಮನಾದುದನ್ನು ಇಡಿ, ಎರಡೂ ಆಗದಿದ್ದರೆ ಏನನ್ನೂ ತೆಗೆಯಬೇಡಿ. ಹೆಸರು ಬರೆದು ಬಂದರೂ ಹುಡುಕಿದ ಲೆಕ್ಕಕ್ಕೆ ಯಾವ ಕೊರತೆಯೂ ಇಲ್ಲ. ಬರಿಗೈಯಲ್ಲಿ ಬರುವುದು ಅವಮಾನವಲ್ಲ. ಬೇಡದ್ದನ್ನು ತುರುಕಿ ಬರುವುದೇ ತಪ್ಪು.

ಕಸ ಹೆಚ್ಚಿದಂತೆ ಡಬ್ಬಿ ಇಟ್ಟವರಿಗೂ ಬೇಸರ ಬರುತ್ತದೆ. ಹೆಸರು ಬರೆಯುವ ಚೀಟಿ ಮಾತ್ರ ಹಿಡಿಸುವ ಬೆರಳುದ್ದದ ಡಬ್ಬಿಗಳು ಇಂದು ಬಹಳ ಇರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ದೊಡ್ಡವರ ಆಟ ಮುಂದುವರಿಯುತ್ತದೆ. ಮಕ್ಕಳ ಸಂತೋಷ ಮಾತ್ರ ಇಲ್ಲವಾಗುತ್ತದೆ.

ಏನಿಟ್ಟರೆ ಒಳ್ಳೆಯದು?

ಒಳ್ಳೆಯ ವಸ್ತುವೆಂದರೆ ದುಬಾರಿ ವಸ್ತುವೆಂದಲ್ಲ. ಅದು ಹೊಸದಾಗಿರಬೇಕು ಅಥವಾ ಹೊಸದರಂತೆ ಶುಚಿಯಾಗಿರಬೇಕು. ಪೂರ್ಣವಾಗಿರಬೇಕು. ಮಳೆ, ಬಿಸಿಲು, ಹಿಮಕ್ಕೆ ಹಾಳಾಗಬಾರದು. ಸಿಕ್ಕಿದವರಿಗೆ ಉಪಯೋಗಕ್ಕೋ ಸಂತೋಷಕ್ಕೋ ಬರಬೇಕು.

ಗಾಜಿನ ಗೋಲಿ, ರಬ್ಬರಿನ ಪುಟ್ಟ ಪ್ರಾಣಿ, ಗಟ್ಟಿಯಾದ ಕೀ ಚೈನ್, ಸೀಟಿ, ಬಳಸದ ಪೆನ್ಸಿಲ್, ಪ್ಲಾಸ್ಟಿಕ್ ಹೊದಿಕೆಯ ಇಸ್ಪೀಟಿನ ಕಟ್ಟಿನಷ್ಟು ಚಿಕ್ಕ ಆಟದ ಪೆಟ್ಟಿಗೆ ಇವೆಲ್ಲ ಚೆನ್ನಾಗಿ ಬಾಳುತ್ತವೆ. ಪರದೇಶದ ನಾಣ್ಯವೆಂದರೆ ಮಕ್ಕಳಿಗೆ ಎಲ್ಲಿಲ್ಲದ ಆಸೆ. ಅಮೇರಿಕದಲ್ಲಿರುವ ನಮ್ಮವರ ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಒಂದು ರೂಪಾಯಿಯ ಸ್ಟೀಲ್ ನಾಣ್ಯ ಅಲ್ಲಿನ ಮಗುವಿಗೆ ದೊಡ್ಡ ನಿಧಿ. ಊರಿಂದ ಹೋಗುವಾಗ ಒಯ್ದ ಚನ್ನಪಟ್ಟಣದ ಬಣ್ಣದ ಬುಗುರಿಯೂ ಹಾಗೆಯೇ.

ಕೈಕೆಲಸ ಬಲ್ಲ ಸಹೋದರಿಯರಿಗೆ ಇಲ್ಲಿ ವಿಶೇಷ ಅವಕಾಶವಿದೆ. ಮಣಿ ಪೋಣಿಸಿದ ಬಳೆ, ಕ್ರೋಶಾದ ಪುಟ್ಟ ಹೂವು, ಬಣ್ಣ ಹಚ್ಚಿದ ನುಣುಪು ಕಲ್ಲು ಇವುಗಳಿಗೆ ಖರ್ಚು ಬಹಳ ಕಡಿಮೆ. ಅಂಗಡಿಯಲ್ಲಿ ಇಂಥದ್ದೇ ಇನ್ನೊಂದು ಸಿಗಲಾರದು. ಆದರೆ ಬಟ್ಟೆ ಮತ್ತು ನೂಲು ತೇವವನ್ನು ಹೀರುತ್ತವೆ. ಆದ್ದರಿಂದ ಅಂಥವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಬೇಕು. ಮನೆಯಿಂದ ಹೊರಡುವಾಗಲೇ ಇಂಥ ನಾಲ್ಕೈದು ವಸ್ತುಗಳ ಒಂದು ಚಿಕ್ಕ ಪೊಟ್ಟಣವನ್ನು ಬ್ಯಾಗಿನಲ್ಲಿ ಇಟ್ಟುಕೊಂಡರೆ ಕೊನೆಯ ಗಳಿಗೆಯಲ್ಲಿ ಜೇಬು ತಡಕಾಡುವ ಪ್ರಮೇಯವೇ ಇರದು. ಯಾವುದನ್ನು ಕೊಡಬೇಕೆಂದು ಮಕ್ಕಳೇ ಆರಿಸಲಿ. “ಇದು ನಿನಗೆ ಸಿಕ್ಕಿದರೆ ಖುಷಿಯಾಗುತ್ತದೆಯೇ?” ಎಂದು ಒಂದೇ ಪ್ರಶ್ನೆ ಕೇಳಿ.

ಏನಿಡಬಾರದು, ಏಕೆ?

ತಿಂಡಿ ಇಡಬಾರದು. ಪೊಟ್ಟಣ ಬಿಗಿಯಾಗಿದ್ದರೂ ಪ್ರಾಣಿಗಳ ಮೂಗು ಅದನ್ನು ಪತ್ತೆ ಮಾಡುತ್ತದೆ. ಅಮೇರಿಕದ ಕಾಡುಗಳಲ್ಲಿ ಅಳಿಲು, ರಕೂನ್‌ಗಳು ಮಾತ್ರವಲ್ಲ, ಕರಡಿಗಳೂ ಇವೆ. ಅವು ಪ್ಲಾಸ್ಟಿಕ್ ಡಬ್ಬಿಯನ್ನು ಕಡಿದು ಹಾಕುತ್ತವೆ. ಸುವಾಸನೆಯ ಮೇಣದಬತ್ತಿ, ಸಾಬೂನು, ಲಿಪ್ ಬಾಮ್‌ಗಳಿಗೂ ಇದೇ ಮಾತು.

ಸೋರುವ ಮತ್ತು ಕರಗುವ ವಸ್ತು ಬೇಡ. ಸಾಬೂನಿನ ಗುಳ್ಳೆ ಊದುವ ಬಾಟಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಡೆದರೆ ಇಡೀ ಡಬ್ಬಿ ಜಿಗುಟು. ಮೇಣದ ಬಣ್ಣದ ಕಡ್ಡಿ ಬೇಸಿಗೆಯಲ್ಲಿ ಕರಗಿ ಎಲ್ಲಕ್ಕೂ ಅಂಟುತ್ತದೆ. ಹಳೆಯ ಬ್ಯಾಟರಿ ಸೋರಿ ಕಬ್ಬಿಣವನ್ನು ತಿನ್ನುತ್ತದೆ.

ಚಾಕು, ಬ್ಲೇಡು, ಬೆಂಕಿಪೆಟ್ಟಿಗೆ, ಲೈಟರ್, ಪಟಾಕಿ, ಗುಂಡು, ಮದ್ಯ, ಔಷಧಿ ಇವನ್ನು ಇಡಲೇಬಾರದು. ಡಬ್ಬಿಯನ್ನು ಮೊದಲು ತೆರೆಯುವ ಕೈ ಐದು ವರ್ಷದ ಮಗುವಿನದ್ದಾಗಿರಬಹುದು. ಅಂಗಡಿಯ ಜಾಹೀರಾತು, ವಿಸಿಟಿಂಗ್ ಕಾರ್ಡ್, ಕೂಪನ್‌ಗಳು ಅಪಾಯಕಾರಿಯಲ್ಲ. ಆದರೆ ಅವು ಉಡುಗೊರೆಯೂ ಅಲ್ಲ.

ಕಸ ತೆಗೆಯುವಾಗ ಎಚ್ಚರ

ಡಬ್ಬಿಯಲ್ಲಿ ಕಸ ಕಂಡರೆ ತೆಗೆಯಬಹುದೇ? ಸ್ಪಷ್ಟವಾಗಿ ಕಸವೇ ಆಗಿರುವುದನ್ನು ತೆಗೆಯಬಹುದು. ಕೊಳೆತ ತಿಂಡಿ, ಬೂಷ್ಟು ಹಿಡಿದ ಕಾಗದ, ಮುರಿದ ಚೂರು, ತುಕ್ಕು ಹಿಡಿದ ಮೊಳೆ, ಮೇಲೆ ಹೇಳಿದ ಅಪಾಯದ ವಸ್ತುಗಳು ಈ ಪಟ್ಟಿಗೆ ಸೇರುತ್ತವೆ. ಇದಕ್ಕೆ ಬದಲಿಯಾಗಿ ಏನಾದರೂ ಇಡಲೇಬೇಕೆಂಬ ಕಟ್ಟುಪಾಡಿಲ್ಲ. ಒಂದೆರಡು ಒಳ್ಳೆಯ ವಸ್ತುಗಳನ್ನು ಇಟ್ಟುಬಂದರೆ ಮುಂದಿನವರಿಗೆ ಉಪಕಾರ.

ಆದರೆ ಕಸಕ್ಕೂ ನಮಗೆ ಇಷ್ಟವಾಗದುದಕ್ಕೂ ವ್ಯತ್ಯಾಸವಿದೆ. ನದಿಯಲ್ಲಿ ಹೆಕ್ಕಿದ ಬಿಳಿ ಕಲ್ಲು, ವಕ್ರವಾಗಿ ಬಿಡಿಸಿದ ಚಿತ್ರ ನಮಗೆ ನಿಷ್ಪ್ರಯೋಜಕವಾಗಿ ಕಾಣಬಹುದು. ಯಾವುದೋ ಮಗು ಅದನ್ನು ತನ್ನ ಅತ್ಯುತ್ತಮ ಕೊಡುಗೆಯೆಂದು ಇಟ್ಟಿರಬಹುದು. ಕೆಟ್ಟಿಲ್ಲವಾದರೆ ಅದನ್ನು ಅಲ್ಲಿಯೇ ಬಿಡುವುದು ಲೇಸು.

ಇನ್ನು ಕೆಲವನ್ನು ಮುಟ್ಟಲೇಬಾರದು. ಹೆಸರು ಬರೆಯುವ ಪುಸ್ತಕ ಒದ್ದೆಯಾಗಿದ್ದರೂ ತುಂಬಿಹೋಗಿದ್ದರೂ ಅದು ಡಬ್ಬಿ ಇಟ್ಟವರ ಆಸ್ತಿ. ಒಣ ಹಾಳೆಯೊಂದನ್ನು ಚೀಲದಲ್ಲಿ ಹಾಕಿ ಜೊತೆಗಿಡಬಹುದು. ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ ಕಟ್ಟಿರುವ ವಸ್ತು ಸಿಕ್ಕಿದರೆ ಅದು ವಿನಿಮಯದ ವಸ್ತುವಲ್ಲ. ಅದನ್ನು ಟ್ರಾವೆಲ್ ಬಗ್ ಎನ್ನುತ್ತಾರೆ. ಅದರ ಮಾಲೀಕರು ಅದು ಡಬ್ಬಿಯಿಂದ ಡಬ್ಬಿಗೆ, ಊರಿಂದೂರಿಗೆ ಪ್ರಯಾಣ ಮಾಡಲೆಂದು ಬಿಟ್ಟಿರುತ್ತಾರೆ. ಆ ಸಂಖ್ಯೆಯ ಮೂಲಕ ಅದರ ದಾರಿಯನ್ನು ಮನೆಯಲ್ಲೇ ಕುಳಿತು ನೋಡುತ್ತಿರುತ್ತಾರೆ. ತೆಗೆದುಕೊಂಡರೆ ಇನ್ನೊಂದು ಡಬ್ಬಿಗೆ ತಲುಪಿಸಿ ದಾಖಲಿಸಬೇಕು. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಇಂಥದೊಂದನ್ನು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಒಯ್ದಿದ್ದರು. 2021ರ ಫೆಬ್ರವರಿಯಲ್ಲಿ ಮಂಗಳ ಗ್ರಹದಲ್ಲಿಳಿದ ಪರ್ಸಿವಿಯರೆನ್ಸ್ ನೌಕೆಯ ಒಂದು ಉಪಕರಣದಲ್ಲೂ ಇಂಥ ಸಂಖ್ಯೆಯಿದೆ. ಇಷ್ಟು ದೂರ ಹೋಗುವ ವಸ್ತು ಯಾರದೋ ಮೇಜಿನ ಡ್ರಾಯರಿನಲ್ಲಿ ಕೊನೆಗೊಳ್ಳುವುದು ನ್ಯಾಯವಲ್ಲ.

ಡಬ್ಬಿಯೇ ಒಡೆದಿದ್ದರೆ ಅಥವಾ ನೀರು ನುಗ್ಗಿದ್ದರೆ ಇಟ್ಟವರಿಗೆ ತಿಳಿಸಬೇಕು. ಅದಕ್ಕಾಗಿ ವೆಬ್‌ಸೈಟಿನಲ್ಲಿಯೂ ಮೊಬೈಲ್ ಆ್ಯಪ್‌ನಲ್ಲಿಯೂ ವ್ಯವಸ್ಥೆಯಿದೆ. ಅವರನ್ನು ಕೇಳದೆ ಹೊಸ ಡಬ್ಬಿ ತಂದಿಡುವುದನ್ನು ಆಟದವರು ಮೆಚ್ಚುವುದಿಲ್ಲ. ಹಳೆಯದು ಸ್ವಲ್ಪ ದೂರದಲ್ಲಿ ಸುರಕ್ಷಿತವಾಗಿರಬಹುದು. ಆಗ ಒಂದೇ ಕಡೆ ಎರಡು ಡಬ್ಬಿಗಳಾಗಿ ಗೊಂದಲವಾಗುತ್ತದೆ.

ತಾಯಂದಿರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಬಿಲ, ಪೊಟರೆಗಳಿಗೆ ಮಗು ಬರಿಗೈ ಹಾಕದಿರಲಿ. ಕೋಲಿನಿಂದ ಸರಿಸಿ ನೋಡಿದ ಬಳಿಕ ದೊಡ್ಡವರೇ ಡಬ್ಬಿ ತೆಗೆಯಲಿ. ಒಳಗಿರುವುದನ್ನು ಒಮ್ಮೆ ಕಣ್ಣಾಡಿಸಿ ಮತ್ತೆ ಮಗುವಿನ ಕೈಗೆ ಕೊಡಲಿ. ಕಸ ತೆಗೆಯಲು ಒಂದು ಜೊತೆ ಕೈಗವಸು ಮತ್ತು ಒಂದು ಖಾಲಿ ಚೀಲ ಸಾಕು.

ಡಬ್ಬಿಯ ಹೊರಗೂ ಹೊಣೆಯಿದೆ

ಆ ಖಾಲಿ ಚೀಲ ದಾರಿಯ ಕಸಕ್ಕೂ ಆಗಬಹುದು. 2002ರಿಂದ ಈ ಆಟದವರು ‘ಕ್ಯಾಶ್ ಇನ್ ಟ್ರ್ಯಾಶ್ ಔಟ್’ ಎಂಬ ಹೆಸರಿನಲ್ಲಿ ಶುಚಿತ್ವದ ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ಡಬ್ಬಿ ಹುಡುಕಲು ಹೋದವರು ಮರಳುವಾಗ ದಾರಿಯಲ್ಲಿ ಬಿದ್ದ ಬಾಟಲಿ, ಪ್ಲಾಸ್ಟಿಕ್‌ಗಳನ್ನು ಹೆಕ್ಕಿ ತರುತ್ತಾರೆ. ಕೆಲವು ದಿನಗಳಲ್ಲಿ ಊರಿನವರೆಲ್ಲ ಸೇರಿ ಒಂದು ಉದ್ಯಾನವನ್ನೋ ನದಿದಂಡೆಯನ್ನೋ ಶುಚಿಗೊಳಿಸುತ್ತಾರೆ.

ಇದರ ಹಿಂದೆ ಸದುದ್ದೇಶದೊಂದಿಗೆ ಒಂದು ಅಗತ್ಯವೂ ಇದೆ. ಈ ಡಬ್ಬಿಗಳಿರುವುದು ಬಹುಪಾಲು ಬೇರೆಯವರ ನೆಲದಲ್ಲಿ. ನಗರಸಭೆಯ ಉದ್ಯಾನದಲ್ಲಿ, ಅರಣ್ಯ ಇಲಾಖೆಯ ಕಾಡಿನಲ್ಲಿ. ಅವರ ಅನುಮತಿಯಿಲ್ಲದೆ ಆಟವಿಲ್ಲ. ತೆರೆದು ಬಿದ್ದ ಡಬ್ಬಿ, ಸುತ್ತ ಚೆಲ್ಲಿದ ಆಟಿಕೆಗಳು ಅವರ ಕಣ್ಣಿಗೆ ಬರೀ ಕಸ. ಕೆಲವೊಮ್ಮೆ ಅದಕ್ಕಿಂತಲೂ ಕೆಟ್ಟದ್ದು. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಕೆಫೆಯೊಂದರ ಹೊರಗೆ ಇಟ್ಟಿದ್ದ ಇಂಥ ಡಬ್ಬಿಯನ್ನು ಬಾಂಬ್ ಎಂದು ಶಂಕಿಸಿ, ಬೀದಿಯನ್ನೇ ಖಾಲಿ ಮಾಡಿಸಿ, ಸೇನೆಯವರನ್ನು ಕರೆಸಿ ಸ್ಫೋಟಿಸಬೇಕಾಯಿತು. ಡಬ್ಬಿಯ ಮೇಲೆ ಇದು ಇಂಥ ಆಟದ ವಸ್ತು ಎಂದು ಬರೆದಿರಬೇಕು, ಅನುಮತಿ ಪಡೆದಿರಬೇಕು ಎಂಬ ಮಾತಿಗೆ ಅಲ್ಲಿಂದ ಮುಂದೆ ಇನ್ನಷ್ಟು ತೂಕ ಬಂತು.

ನಮಗೇನು ಪಾಠ?

ನಮ್ಮಲ್ಲಿ ಹೆಚ್ಚಿನವರು ಈ ಆಟವನ್ನು ಎಂದೂ ಆಡಲಿಕ್ಕಿಲ್ಲ. ಆದರೆ ಇಂಥ ಡಬ್ಬಿಗಳು ನಮ್ಮ ಸುತ್ತಲೂ ಇವೆ. ಅನಾಥಾಲಯಕ್ಕೆಂದು ಕಟ್ಟುವ ಹಳೆ ಬಟ್ಟೆಯ ಗಂಟು, ಶಾಲೆಯ ಗ್ರಂಥಾಲಯಕ್ಕೆ ಕೊಡುವ ಪುಸ್ತಕ, ಪ್ರವಾಹ ಬಂದಾಗ ಕಳಿಸುವ ಸಾಮಾನು, ಮದುವೆ ಮನೆಗೆ ದಾಟಿಸುವ ಬೇಡದ ಉಡುಗೊರೆ. ಗುಂಡಿ ಕಿತ್ತ ಅಂಗಿಯನ್ನು ಗಂಟಿಗೆ ಹಾಕುವ ಮೊದಲು ನಮ್ಮ ಮಗುವಿಗೆ ಅದನ್ನು ತೊಡಿಸುತ್ತಿದ್ದೆವೆಯೇ ಎಂದು ಕೇಳಿಕೊಳ್ಳುವವರು ಎಷ್ಟು ಮಂದಿ?

ಪಡೆಯುವವರ ಮುಖ ಕಾಣದಿದ್ದಾಗ ಕೈ ತಾನಾಗಿಯೇ ಕೀಳಾದುದರತ್ತ ಹೋಗುತ್ತದೆ. ಆ ಕೈಯನ್ನು ಹಿಡಿದು ಮೇಲಕ್ಕೆತ್ತುವುದೇ ಸಂಸ್ಕಾರ. ಗುರುತಿಲ್ಲದ, ಎಂದೂ ಭೇಟಿಯಾಗದ, ಧನ್ಯವಾದ ಹೇಳಲು ಬಾರದ ಒಬ್ಬ ಮಗುವಿಗಾಗಿ ಒಳ್ಳೆಯದನ್ನು ಆರಿಸಿಡಲು ನಮ್ಮ ಮಕ್ಕಳು ಕಲಿತರೆ, ಗುರುತಿರುವವರೊಂದಿಗೆ ಹೇಗಿರಬೇಕೆಂದು ಅವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.