ಹೆಡ್ ಆಫೀಸ್ ಬಳ್ಳಾರಿಗೆ, ನಾವು ಎಲ್ಲಿಗೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ‘ಪ್ಯಾಟಿ’ ಅಂದರೆ ಕಲಬುರಗಿ. ಮದುವೆ ಬಟ್ಟೆ, ಬೋರ್‌ವೆಲ್ ಮೋಟರ್, ಕಾಲೇಜು, ಆಸ್ಪತ್ರೆ, ಕೋರ್ಟು, ಯಾವ ಕೆಲಸವಿದ್ದರೂ ನಾವು ಹತ್ತುವುದು ಕಲಬುರಗಿ ಬಸ್ಸು. ಕೆಲಸ ಮುಗಿದ ಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸುತ್ತು, ಕಿರಾಣಾ ಬಜಾರ್‌ನಲ್ಲಿ ಇನ್ನೊಂದು ಸುತ್ತು. ಸುತ್ತಲಿನ ತಾಲ್ಲೂಕುಗಳ ಇಂಥ ಓಡಾಟದಿಂದಲೇ ಒಂದು ನಗರದ ನಡುಭಾಗ ಜೀವಂತವಾಗಿರುತ್ತದೆ.

ಬ್ಯಾಂಕಿನ ದೊಡ್ಡ ಕೆಲಸವೂ ಹಿಂದೆ ಈ ಪಟ್ಟಿಯಲ್ಲಿತ್ತು. ಕೃಷ್ಣಾ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಕಲಬುರಗಿಯಲ್ಲೇ ಇತ್ತು. ನನ್ನ ವಯಸ್ಸಿನ ಎಷ್ಟೋ ಮಂದಿಗೆ ಈಗ ಆ ಹೆಸರೂ ಗೊತ್ತಿಲ್ಲ. ಹೆಸರು ಹೋದರೆ ಹೋಗಲಿ. ಅದರ ಜೊತೆಗೆ ಏನು ಹೋಯಿತು, ಬದಲಿಗೆ ಏನು ಬಂತು ಎನ್ನುವುದನ್ನು ಓದುತ್ತಾ ಕೆಲಸ ಹುಡುಕುತ್ತಿರುವ ನಾವಾದರೂ ತಿಳಿದುಕೊಳ್ಳಬೇಕು.

ಹೈದರಾಬಾದಿನಿಂದ ಬಳ್ಳಾರಿವರೆಗೆ

ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗ ಬ್ಯಾಂಕೆಂದರೆ ಹೈದರಾಬಾದ್. 1941ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಬ್ಯಾಂಕಿನ ಪ್ರಧಾನ ಕಚೇರಿ ಹೈದರಾಬಾದಿನಲ್ಲೇ ಇತ್ತು. 2017ರ ಏಪ್ರಿಲ್ 1ರಂದು ಅದು ಎಸ್‌ಬಿಐನಲ್ಲಿ ವಿಲೀನವಾಗಿ ಮುಂಬೈ ಪಾಲಾಯಿತು.

ಗ್ರಾಮೀಣ ಬ್ಯಾಂಕುಗಳ ಕಥೆ ಬೇರೆ. 1975ರ ಸುಗ್ರೀವಾಜ್ಞೆಯಿಂದ ಹುಟ್ಟಿದ ಇವುಗಳ ಉದ್ದೇಶ ಸರಳ: ಸಹಕಾರ ಸಂಘದಂತೆ ಹಳ್ಳಿಯನ್ನು ಬಲ್ಲ, ವಾಣಿಜ್ಯ ಬ್ಯಾಂಕಿನಂತೆ ಲೆಕ್ಕ ಬಲ್ಲ ಸಂಸ್ಥೆಯೊಂದು ಬೇಕು. ರೈತರು ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಬೇಕು. ಬಂಡವಾಳದಲ್ಲಿ ಕೇಂದ್ರದ್ದು ಶೇ 50, ಪ್ರಾಯೋಜಕ ಬ್ಯಾಂಕಿನದು ಶೇ 35, ರಾಜ್ಯ ಸರ್ಕಾರದ್ದು ಶೇ 15. ಹೀಗೆ 1978ರಲ್ಲಿ ಎಸ್‌ಬಿಐ ಪ್ರಾಯೋಜಕತ್ವದಲ್ಲಿ, ಆಗಿನ ಗುಲಬರ್ಗಾ ಮತ್ತು ಬೀದರ್ ಜಿಲ್ಲೆಗಳಿಗಾಗಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಶುರುವಾಯಿತು.

2013ರ ಆಗಸ್ಟ್ 23ರಂದು ಅದು ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ‘ಪ್ರಗತಿ ಕೃಷ್ಣಾ’ ಆಯಿತು. ಪ್ರಧಾನ ಕಚೇರಿ ಬಳ್ಳಾರಿಯಲ್ಲಿ ನೆಲೆಸಿತು. 2019ರಲ್ಲಿ ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕ್ ಕೂಡ ಸೇರಿಕೊಂಡಿತು. 2025ರ ಮೇ 1ರಂದು ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಂತೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಂತು. ಬೀದರ್‌ನಿಂದ ಚಾಮರಾಜನಗರದವರೆಗೆ ಈಗ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್. ಕಲಬುರಗಿ, ಮೈಸೂರು, ಧಾರವಾಡ ಮೂರೂ ಒಂದೊಂದು ಪ್ರಧಾನ ಕಚೇರಿ ಕಳೆದುಕೊಂಡವು.

ಒಂದೇ ತಿಂಗಳಲ್ಲಿ ಬಂದದ್ದು, ಹೋದದ್ದು

ಅದೇ 2013ರ ಆಗಸ್ಟ್ ಕೊನೆಯಲ್ಲಿ ಕಲಬುರಗಿಯ ಹೈಕೋರ್ಟ್ ಸಂಚಾರಿ ಪೀಠ ಕಾಯಂ ಪೀಠವಾಯಿತು. ಅದೇ ವರ್ಷ 371(ಜೆ) ಜಾರಿಗೆ ಬಂತು. ಇವೆರಡೂ ವರ್ಷಗಟ್ಟಲೆ ಹೋರಾಡಿ ಪಡೆದವು, ಇವುಗಳಿಗಾಗಿ ಬೀದಿಗಿಳಿದವರಿದ್ದರು. ಬ್ಯಾಂಕು ಹೋದ ಸುದ್ದಿ ನಮ್ಮೂರಿನವರಿಗೆ ತಿಳಿದದ್ದು ಪಾಸ್‌ಬುಕ್ಕಿನ ಮೇಲಿನ ಹೆಸರು ಬದಲಾದಾಗ.

ಹೈಕೋರ್ಟ್ ಪೀಠ ಬಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಕಾಣುತ್ತದೆ. ವಕೀಲರ ಕಚೇರಿ, ಟೈಪಿಂಗ್ ಅಂಗಡಿ, ಲಾಡ್ಜು, ಖಾನಾವಳಿ, ಆಟೊ. ಬ್ಯಾಂಕಿನ ಪ್ರಧಾನ ಕಚೇರಿಯೂ ಹಾಗೆಯೇ. ಸಭೆಗೆ ಬರುವ ಮ್ಯಾನೇಜರ್‌ಗಳು, ತರಬೇತಿಗೆ ಬರುವ ಹೊಸಬರು, ಲೆಕ್ಕಪರಿಶೋಧಕರು, ಫಾರಂ ಅಚ್ಚು ಹಾಕುವ ಪ್ರೆಸ್ಸು, ನಗರದಲ್ಲಿ ಮನೆ ಮಾಡುವ ನೌಕರರು. ಎಲ್ಲಕ್ಕಿಂತ ಮುಖ್ಯವಾದದ್ದು ನಿರ್ಧಾರ. ಶಾಖೆಯ ಮ್ಯಾನೇಜರ್ ಒಂದು ಮಿತಿಯವರೆಗೆ ಸಾಲ ಕೊಡಬಹುದು. ಅದಕ್ಕಿಂತ ದೊಡ್ಡದಾದರೆ ಕಡತ ಮೇಲಕ್ಕೆ ಹೋಗುತ್ತದೆ. ಆ ‘ಮೇಲೆ’ ಎಲ್ಲಿದೆ ಎನ್ನುವುದೇ ಪ್ರಶ್ನೆ.

ನಮ್ಮ ಊರಲ್ಲಿ ಸಣ್ಣ ದಾಲ್ ಮಿಲ್ ಹಾಕಿದ ಕಾಕಾ ಒಬ್ಬರಿದ್ದಾರೆ. ಈ ಲೇಖನ ಬರೆಯುತ್ತೇನೆ ಎಂದಾಗ ಅವರು ಹೇಳಿದ್ದು ಇಷ್ಟೇ: ‘ಮೊದಲ ಹೆಡ್ ಆಫೀಸಿನ ಕೆಲ್ಸ ಅಂದ್ರ ಮುಂಜಾನಿ ಬಸ್ಸಿಗೆ ಹೋಗಿ ಸಂಜಿ ಬಸ್ಸಿಗೆ ಬರೋದಿತ್ತು. ಈಗ ಬಳ್ಳಾರಿ ಅಂತಾರ. ನಾ ಬಳ್ಳಾರಿ ನೋಡೇ ಇಲ್ಲವ್ವಾ.’ ಕಲಬುರಗಿಯಲ್ಲಿ ಪ್ರಾದೇಶಿಕ ಕಚೇರಿ ಇದೆ, ನಿಜ. ಆದರೆ ಕೊನೆಯ ಮಾತು ಹೆಚ್ಚುಕಡಿಮೆ 300 ಕಿ.ಮೀ. ದೂರದಲ್ಲಿದೆ.

ಇದರಲ್ಲಿ ಭಾವುಕತೆ ಮಾತ್ರ ಇಲ್ಲ, ಲೆಕ್ಕವೂ ಇದೆ. ನಮ್ಮದು ತೊಗರಿ ನಾಡು. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಅಲ್ಲಿಯವರೆಗೆ ರೈತನ ಕೈಯಲ್ಲಿ ಕಾಸಿರುವುದಿಲ್ಲ. ನೆಟೆ ರೋಗ ಬಿದ್ದ ವರ್ಷ ಆಮೇಲೂ ಇರುವುದಿಲ್ಲ. ಜನವರಿಯಲ್ಲಿ ನೆಹರೂ ಗಂಜಿನ ಅಡತಿ ಅಂಗಡಿಗಳ ಮುಂದೆ ಚೀಲಗಳು ಬಂದಿವೆಯೋ ಇಲ್ಲವೋ ಎಂದು ಕಣ್ಣಾರೆ ನೋಡುವ ಅಧಿಕಾರಿ ಸಾಲದ ಕಂತನ್ನು ಒಂದು ರೀತಿ ಯೋಚಿಸುತ್ತಾನೆ, ಕಂಪ್ಯೂಟರಿನ ಪಟ್ಟಿ ಮಾತ್ರ ನೋಡುವವನು ಇನ್ನೊಂದು ರೀತಿ.

ಶಾರ್ಲಟ್ ಹೇಳುವ ಪಾಠ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಶಾರ್ಲಟ್ ಎಂಬ ನಗರವಿದೆ. ಎಂ.ಎಸ್.ಕೆ. ಮಿಲ್ಲಿನ ಕಾಲದ ನಮ್ಮ ಕಲಬುರಗಿಯಂತೆ ಅದೂ ಹತ್ತಿ, ನೂಲಿನ ಊರು. ಅಲ್ಲಿ ಬೆಳೆದ ಎನ್‌ಸಿಎನ್‌ಬಿ ಎಂಬ ಬ್ಯಾಂಕು 1970ರ ದಶಕದಲ್ಲಿ ನಗರದ ನಡುವೆ ಹಾಳುಬಿದ್ದಿದ್ದ ಫೋರ್ತ್ ವಾರ್ಡ್ ಬಡಾವಣೆಯ ಹಳೆಯ ಮನೆಗಳನ್ನು ಎತ್ತಿ ನಿಲ್ಲಿಸಲು ನೆರವಾಯಿತು. ಮುಂದೆ ನೇಷನ್ಸ್‌ಬ್ಯಾಂಕ್ ಎಂದು ಹೆಸರಾದ ಅದು 1992ರಲ್ಲಿ ಅಲ್ಲೇ 60 ಅಂತಸ್ತಿನ ಪ್ರಧಾನ ಕಚೇರಿ ಕಟ್ಟಿತು. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ಯಾಂಕ್ ಅಮೆರಿಕಾವನ್ನು ಕೊಂಡು, ‘ಬ್ಯಾಂಕ್ ಆಫ್ ಅಮೆರಿಕಾ’ ಎಂಬ ಹೆಸರನ್ನು ತಾನಿಟ್ಟುಕೊಂಡಿತು. ಪ್ರಧಾನ ಕಚೇರಿ ಮಾತ್ರ ಶಾರ್ಲಟ್ ಬಿಡಲಿಲ್ಲ. ದಿನಾ ಓಡಾಡುವ ಬೀದಿಯ ಕಷ್ಟ ಬ್ಯಾಂಕಿನವರಿಗೂ ತಟ್ಟುತ್ತದೆ ಎನ್ನುವುದು ನನಗೆ ಕಂಡ ಪಾಠ.

ನಮ್ಮ ರೂಮಿನ ಲೆಕ್ಕ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂವರಿದ್ದೇವೆ. ಒಬ್ಬಳು ಆಳಂದ, ಒಬ್ಬಳು ಜೇವರ್ಗಿ, ನಾನು ಅಫಜಲಪುರ ತಾಲ್ಲೂಕು. ಮೂವರದೂ ಬಿಇ. ಆಳಂದದವಳು ಸೆಮಿಸ್ಟರ್ ಪುಸ್ತಕದ ಪಕ್ಕದಲ್ಲೇ ಐಬಿಪಿಎಸ್ ಗ್ರಾಮೀಣ ಬ್ಯಾಂಕ್ ಪರೀಕ್ಷೆಯ ಪುಸ್ತಕ ಇಟ್ಟುಕೊಂಡಿದ್ದಾಳೆ. ಯಾವುದೇ ಪದವಿ ಆದೀತು, ಸ್ಥಳೀಯ ಭಾಷೆ ಬರಬೇಕು, 2019ರ ತೀರ್ಮಾನದಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ನಮ್ಮಂಥವರಿಗೆ ಇದಕ್ಕಿಂತ ನೇರ ದಾರಿ ಕಡಿಮೆ.

ತೊಡಕು ಬೇರೆ ಕಡೆ ಇದೆ. ಹಳೆಯ ಕೃಷ್ಣಾ ಬ್ಯಾಂಕಿನಲ್ಲಿ ಕೆಲಸ ಸಿಕ್ಕರೆ ನಮ್ಮ ಭಾಗದಲ್ಲೇ ಇರಬಹುದಿತ್ತು. ಈಗ ಇಡೀ ರಾಜ್ಯ. ‘ಎಲ್ಲಿ ಪೋಸ್ಟಿಂಗ್ ಕೊಟ್ರೂ ಹೋಗ್ತೀನಿ, ಚಾಮರಾಜನಗರದಾಗೂ ಕನ್ನಡಾನೇ ಅದ’ ಎನ್ನುತ್ತಾಳೆ ಅವಳು. ‘ನೀ ಹೋಗ್ತಿ, ನಿಮ್ಮಪ್ಪ ಕಳಸ್ತಾರೇನ?’ ಎಂದು ಜೇವರ್ಗಿಯವಳು ಕೇಳಿದರೆ ಮಾತು ನಿಲ್ಲುತ್ತದೆ. ಅವಳ ಮನೆಯಲ್ಲಿ ವರ ನೋಡುವ ಮಾತು ಶುರುವಾಗಿದೆ. ಸಂಜೆ ಬಸ್ಸಿಗೆ ಮನೆ ಮುಟ್ಟುವ ಕೆಲಸಕ್ಕೂ ರಾಜ್ಯದ ಇನ್ನೊಂದು ತುದಿಯ ಕೆಲಸಕ್ಕೂ ಹಳ್ಳಿಯ ಹೆಣ್ಣುಮಗಳ ಬಾಳಿನಲ್ಲಿ ಎಷ್ಟು ಅಂತರವಿದೆ ಎಂದು ವಿಲೀನದ ಆದೇಶದಲ್ಲಿ ಬರೆದಿರುವುದಿಲ್ಲ. 371(ಜೆ) ಇಲ್ಲಿ ಕೈಹಿಡಿಯುವುದಿಲ್ಲ. ಅದು ರಾಜ್ಯ ಸರ್ಕಾರದ ಹುದ್ದೆ ಮತ್ತು ಕಾಲೇಜು ಸೀಟುಗಳಿಗೆ.

ವಿಲೀನದಿಂದ ಕೆಟ್ಟದ್ದೇ ಆಗಿದೆ ಎನ್ನಲಾರೆ. ಸಣ್ಣ ಬ್ಯಾಂಕಿಗೆ ಒಂದು ಬರಗಾಲವೇ ಭಾರ. ದೊಡ್ಡ ಬ್ಯಾಂಕಾದರೆ ಇಲ್ಲಿನ ನಷ್ಟವನ್ನು ಇನ್ನೊಂದು ಜಿಲ್ಲೆಯ ಲಾಭ ತೂಗಿಸುತ್ತದೆ. ತಂತ್ರಜ್ಞಾನಕ್ಕೆ ಹಣ ಹಾಕುವುದೂ ಸುಲಭ. ನಮ್ಮ ಹುಡುಗಿಯೊಬ್ಬಳು ಮುಂದೊಂದು ದಿನ ಇಡೀ ರಾಜ್ಯದ ಬ್ಯಾಂಕಿನಲ್ಲಿ ಜನರಲ್ ಮ್ಯಾನೇಜರ್ ಆಗುವ ಅವಕಾಶವೂ ತೆರೆದಿದೆ.

ನಾವು ಕೇಳಬೇಕಾದದ್ದು

ಎಂಜಿನಿಯರಿಂಗ್ ಓದುವವಳಾಗಿ ನನ್ನ ಪ್ರಶ್ನೆ ಇದು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಲೆಕ್ಕದ ಪುಸ್ತಕ ಒಂದೇ ಕಟ್ಟಡದಲ್ಲಿ ಇರಬೇಕೆಂದಿಲ್ಲ. ಖಾತೆ ಜೇವರ್ಗಿಯದ್ದಾದರೂ ಮಾಹಿತಿ ಸರ್ವರ್‌ನಲ್ಲಿರುತ್ತದೆ. ಹಾಗಿದ್ದ ಮೇಲೆ ಪ್ರಧಾನ ಕಚೇರಿಯ ಎಲ್ಲ ವಿಭಾಗಗಳೂ ಒಂದೇ ಊರಿನಲ್ಲಿ ಯಾಕಿರಬೇಕು? ಆಡಳಿತ ಬಳ್ಳಾರಿಯಲ್ಲೇ ಇರಲಿ. ತೊಗರಿ, ದಾಲ್ ಮಿಲ್ ಸಾಲಗಳನ್ನು ನೋಡುವ ಒಂದು ವಿಭಾಗವೋ ಒಂದು ತರಬೇತಿ ಕೇಂದ್ರವೋ ಕಲಬುರಗಿಗೆ ಬರಲಿ, ನಿರ್ಧರಿಸುವ ಅಧಿಕಾರದೊಂದಿಗೆ. ಮೈಸೂರು, ಧಾರವಾಡಕ್ಕೂ ಒಂದೊಂದು ಹೋಗಲಿ. ಬಂಡವಾಳದಲ್ಲಿ ರಾಜ್ಯದ ಶೇ 15 ಪಾಲು ಇರುವುದರಿಂದ ನಮ್ಮ ಶಾಸಕರು ಇದನ್ನು ಕೇಳಬಹುದು. ಅವರು ಕೇಳಬೇಕಾದರೆ ಮೊದಲು ನಾವು ಅವರನ್ನು ಕೇಳಬೇಕು.

ಇನ್ನೊಂದು ಕೆಲಸ ಯಾರ ಅಪ್ಪಣೆಯೂ ಇಲ್ಲದೆ ಆಗುವಂಥದ್ದು. ಈ ಸಲದ ಅರ್ಜಿ ಕರೆದಾಗ ನಮ್ಮ ಮೂರು ತಾಲ್ಲೂಕುಗಳಿಂದ ಹೆಚ್ಚು ಮಂದಿ, ಅದರಲ್ಲೂ ಹುಡುಗಿಯರು, ಅರ್ಜಿ ಹಾಕಿ. ತೊಗರಿ ರಾಶಿ ಮಾಡಿ ಗೊತ್ತಿರುವ ಕೈಯೊಂದು ಸಾಲದ ಕಡತಕ್ಕೆ ಸಹಿ ಹಾಕುವಂತಾದರೆ, ಆ ಮೇಜು ಬಳ್ಳಾರಿಯಲ್ಲಿದ್ದರೂ ನಮ್ಮೂರಿಗೆ ಅಷ್ಟು ದೂರ ಅನಿಸದು.