ಅಡಿಟಿಪ್ಪಣಿಯ ಎಂಟು ಪಾಯಿಂಟು

ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ವೇದಿಕೆಗೆ ಕರೆದರೆ ವ್ಯಾಟ್ ಬಗ್ಗೆಯೋ ಊರಿನ ಎನ್‌ಆರ್‌ಇ ಖಾತೆಯ ಬಗ್ಗೆಯೋ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಇವತ್ತು ಅಕ್ಷರದ ಗಾತ್ರದ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ 3,600 ದಿರ್ಹಮ್.

2022ರ ಫೆಬ್ರವರಿಯಲ್ಲಿ ಯುಎಇಯ ಹೊಸ ಕಾರ್ಮಿಕ ಕಾನೂನು ಜಾರಿಗೆ ಬಂದಾಗ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಕೈಪಿಡಿ ಮಾಡಿದೆವು. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಯ ಲೆಕ್ಕವೇ ಅದರ ಮುಖ್ಯ ಭಾಗ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ವೇತನ. ಆಮೇಲೆ ವರ್ಷಕ್ಕೆ 30 ದಿನದ್ದು. ವೇತನವೆಂದರೆ ಇಲ್ಲಿ ಮೂಲ ವೇತನ ಮಾತ್ರ, ಮನೆ ಬಾಡಿಗೆ, ಓಡಾಟದ ಭತ್ಯೆ ಯಾವುದೂ ಸೇರುವುದಿಲ್ಲ. ನಾನು ಕೋಷ್ಟಕದಲ್ಲಿ ಬರೀ ‘ವೇತನ’ ಎಂದು ಹಾಕಿ, ಪಕ್ಕದಲ್ಲಿ ಒಂದು ನಕ್ಷತ್ರ ಇಟ್ಟು, ಭತ್ಯೆಯ ಮಾತನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ನಮ್ಮ ವೃತ್ತಿಯ ಚಟ ಅದು. ಬ್ಯಾಲೆನ್ಸ್ ಶೀಟಿನ ಅಸಲಿ ಸಂಗತಿಯೆಲ್ಲ ನೋಟ್ಸ್‌ನಲ್ಲೇ ಅಡಗಿರುತ್ತದಲ್ಲ!

ರಾಯಚೂರು ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು 6 ವರ್ಷ ದುಡಿದು ಊರಿಗೆ ಹೊರಟಿದ್ದರು. ಒಟ್ಟು ಸಂಬಳ 2,000, ಮೂಲ ವೇತನ 1,200. ನಮ್ಮ ಕೈಪಿಡಿ ನೋಡಿ 9,000 ಬರುತ್ತದೆಂದು ಲೆಕ್ಕ ಹಾಕಿ, ಅದನ್ನು ನಂಬಿ ಊರಲ್ಲಿ ಬೋರ್‌ವೆಲ್‌ಗೆ ಮುಂಗಡ ಕೊಡಿಸಿದ್ದರು. ಕೈಗೆ ಬಂದದ್ದು 5,400. ಕಂಪನಿಯ ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಬಳಿ ಬಂದು, “ಸರ, ನಿಮ್ಮ ಬುಕ್ಕಿನಾಗ ಹಿಂಗ ಐತಲ್ರೀ” ಎಂದು ಪುಟ ತೆರೆದು ತೋರಿಸಿದರು. ನಾನು ಟಿಪ್ಪಣಿಯ ಮೇಲೆ ಬೆರಳಿಟ್ಟೆ. ಅವರು ಪುಸ್ತಕವನ್ನು ಕಣ್ಣ ಹತ್ತಿರ ತಂದು, ದೂರ ಹಿಡಿದು, ಕೊನೆಗೆ, “ಇದು ಓದೂದೇನ್ರೀ? ನಾ ಗೆರಿ ಅಂತ ಮಾಡಿದ್ದೆ” ಎಂದರು.

ಅದು ಗೆರೆಯಂತೆಯೇ ಕಾಣುತ್ತಿತ್ತು. ಏಕೆಂದು ಹೇಳುತ್ತೇನೆ.

ಕೈಪಿಡಿಯನ್ನು ನಾನು ಲೇಟೆಕ್‌ನಲ್ಲಿ ಜೋಡಿಸಿದ್ದೆ. ಡೊನಾಲ್ಡ್ ಕ್ನೂತ್ ಬರೆದ ಟೆಕ್ ತಂತ್ರಾಂಶದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಅದು. ಅಲ್ಲಿ ಗಾತ್ರಗಳಿಗೆ ಹೆಸರಿನ ಆಜ್ಞೆಗಳಿವೆ: ಟೈನಿಯಿಂದ ಹ್ಯೂಜ್‌ವರೆಗೆ ಹತ್ತು. ಲಾರ್ಜ್ ಎಂಬುದೇ ಮೂರು ಸಲ ಬರುತ್ತದೆ, ವ್ಯತ್ಯಾಸ ಇರುವುದು ಕ್ಯಾಪಿಟಲ್ ಅಕ್ಷರಗಳಲ್ಲಿ ಮಾತ್ರ. ನಮ್ಮ ಲಿಪಿಗೆ ಆ ರಗಳೆ ಇಲ್ಲದ್ದು ಪುಣ್ಯ. 10 ಪಾಯಿಂಟಿನ ಪುಸ್ತಕದಲ್ಲಿ ಅಡಿಟಿಪ್ಪಣಿಯ ಗಾತ್ರ 8 ಪಾಯಿಂಟು, ಒಂದು ಸಾಲಿನಿಂದ ಮುಂದಿನ ಸಾಲಿಗೆ 9.5 ಪಾಯಿಂಟು. ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ‘ಭತ್ಯೆಗಳನ್ನು ಸೇರಿಸುವಂತಿಲ್ಲ’ ಎಂದು ಬರೆದು ನೋಡಿ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಕೆಳಸಾಲಿನ ಗುಡಿಸು ಮೇಲೆ ಏರುತ್ತದೆ, ಎರಡೂ ಒಂದಕ್ಕೊಂದು ಡಿಕ್ಕಿ. ಕ್ಯಾಂಪಿನ ಟ್ಯೂಬ್‌ಲೈಟಿನಲ್ಲಿ ಅದು ಗೆರೆಯಲ್ಲದೆ ಇನ್ನೇನು?

ಸರಿ, ಗಾತ್ರ ಹೆಚ್ಚಿಸೋಣ ಎಂದು ಕಡತ ತೆರೆದೆ. ಆಗ ಬಯಲಾದದ್ದು ನನ್ನ ನಿಜವಾದ ತಪ್ಪು. ಎಚ್ಚರಿಕೆ ಹೇಳಬೇಕಾದ ಕಡೆಯಲ್ಲೆಲ್ಲ ಗಾತ್ರದ ಆಜ್ಞೆಯನ್ನು ಕೈಯಾರೆ ಬರೆದಿದ್ದೆ. ಒಟ್ಟು 43 ಜಾಗ; ಕೆಲವು ಕಡೆ ಸ್ಮಾಲ್, ಕೆಲವು ಕಡೆ ಫುಟ್‌ನೋಟ್‌ಸೈಜ್, ಒಂದೆರಡು ಕಡೆ ನೇರ ಅಂಕಿ. ಹುಡುಕಿ ಬದಲಿಸಲು ಹೋದರೆ, ಬದಲಾಗಬಾರದ ಚಿತ್ರದ ಶೀರ್ಷಿಕೆಗಳೂ ಬದಲಾದವು. ಎಕ್ಸೆಲ್‌ನಲ್ಲಿ ವ್ಯಾಟ್‌ನ 5 ಶೇಕಡವನ್ನು ಪ್ರತಿ ಸೂತ್ರದೊಳಗೂ ಟೈಪ್ ಮಾಡಿದ ಹುಡುಗನನ್ನು ನಾನು ಆಫೀಸಿನಲ್ಲಿ ಗದರುತ್ತೇನೆ. ದರವನ್ನು ಒಂದು ಸೆಲ್‌ನಲ್ಲಿಟ್ಟು ಹೆಸರು ಕೊಡಯ್ಯಾ ಅನ್ನುತ್ತೇನೆ. ಇಲ್ಲಿ ನಾನೇ ಆ ಹುಡುಗ.

ಲೇಟೆಕ್‌ನಲ್ಲಿ ಆ ಸೆಲ್‌ನ ಕೆಲಸ ಮಾಡುವುದು ಮ್ಯಾಕ್ರೊ. ನ್ಯೂಕಮಾಂಡ್ ಎಂಬ ಆಜ್ಞೆಯಿಂದ ಕಡತದ ತಲೆಯಲ್ಲಿ ಒಮ್ಮೆ ಹೆಸರು ಕಟ್ಟುತ್ತೀರಿ, ಅದರೊಳಗೆ ಫಾಂಟ್‌ಸೈಜ್ ಆಜ್ಞೆಗೆ ಎರಡು ಅಂಕಿ, ಅಕ್ಷರದ ಗಾತ್ರ ಮತ್ತು ಸಾಲಂತರ, ಹಿಂದೆಯೇ ಸೆಲೆಕ್ಟ್‌ಫಾಂಟ್. ಈ ಕೊನೆಯದನ್ನು ಮರೆತರೆ ಗಾತ್ರ ಬದಲಾಗುವುದೇ ಇಲ್ಲ, ಲೇಟೆಕ್ ದೂರುವುದೂ ಇಲ್ಲ. ನಾನು ‘ಎಚ್ಚರಿಕೆ’ಗೆ 11 ಮತ್ತು 17 ಕೊಟ್ಟೆ. ಕನ್ನಡಕ್ಕೆ ಸಾಲಂತರ ಗಾತ್ರದ ಒಂದೂವರೆ ಪಟ್ಟಿನ ಆಸುಪಾಸು ಇರಲಿ ಎಂಬುದು ಮುದ್ರಿಸಿ ನೋಡಿ ಕಂಡುಕೊಂಡದ್ದು. ಫಾಂಟ್ ಬದಲಾದರೆ ಮತ್ತೆ ಮುದ್ರಿಸಿ ನೋಡಬೇಕು.

ಹೆಸರು ಇಡುವಾಗ ಜಾಗ್ರತೆ. ಮೊದಲು ನಾನು ಮ್ಯಾಕ್ರೊಗೆ ‘ಸಣ್ಣಕ್ಷರ’ ಎಂದು ಹೆಸರಿಟ್ಟಿದ್ದೆ. 11 ಪಾಯಿಂಟು ಮಾಡಿದ ಮೇಲೆ ಅದು ಪುಸ್ತಕದ ಮೈಪಠ್ಯಕ್ಕಿಂತ ದೊಡ್ಡದಾಯಿತು, ಹೆಸರು ಸುಳ್ಳಾಯಿತು. ಲೆಡ್ಜರಿನಲ್ಲಿ ಖಾತೆಗೆ ‘ಸ್ಟೇಷನರಿ’ ಎಂದು ಹೆಸರಿಡುತ್ತೇವೆ, ‘300 ದಿರ್ಹಮ್’ ಎಂದು ಯಾರಾದರೂ ಇಡುತ್ತಾರೆಯೇ? ಕೆಲಸಕ್ಕೆ ಹೆಸರು ಕೊಡಿ, ಅಳತೆಗೆ ಬೇಡ.

ಇನ್ನೊಂದು ಹೊಂಡವಿದೆ, ನಾನು ಎರಡು ರಾತ್ರಿ ಬಿದ್ದದ್ದು. ಗಾತ್ರ ದೊಡ್ಡದಾಯಿತು, ಸಾಲುಗಳು ಮಾತ್ರ ಹಳೆಯಂತೆಯೇ ಒತ್ತೊತ್ತಾಗಿ ಉಳಿದವು. ಕಾರಣ, ಟೆಕ್ ಸಾಲಂತರವನ್ನು ನೋಡುವುದು ಪ್ಯಾರಾ ಮುಗಿಯುವ ಕ್ಷಣದಲ್ಲಿ. ಪುಷ್ಪಾವರಣ ಮೊದಲು ಮುಚ್ಚಿ ಪ್ಯಾರಾ ಆಮೇಲೆ ಮುಗಿದರೆ, ಆ ಹೊತ್ತಿಗೆ ನಿಮ್ಮ 17 ಹೋಗಿ ಹೊರಗಿನ ಹಳೆಯ ಅಂಕಿ ವಾಪಸು ಬಂದಿರುತ್ತದೆ. ಮ್ಯಾಕ್ರೊದೊಳಗೇ ಕೊನೆಯಲ್ಲಿ ಪಾರ್ ಆಜ್ಞೆ ಸೇರಿಸಿ, ಆಮೇಲೆ ಆವರಣ ಮುಚ್ಚಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಂಟ್ರಿ ಪೋಸ್ಟ್ ಮಾಡುವ ಮುಂಚೆ ಪುಸ್ತಕ ಮುಚ್ಚಬೇಡಿ.

ಕನ್ನಡ, ಇಂಗ್ಲಿಷ್ ಒಂದೇ ಸಾಲಿನಲ್ಲಿ ಬಂದರೆ ಒಂದೇ ಅಂಕಿಯಲ್ಲೂ ಎರಡು ಫಾಂಟು ಬೇರೆ ಬೇರೆ ಎತ್ತರ ಕಾಣುತ್ತವೆ. ಜೀಲೇಟೆಕ್ ಅಥವಾ ಲುವಾಲೇಟೆಕ್‌ನಲ್ಲಿ ಫಾಂಟ್‌ಸ್ಪೆಕ್ ಪ್ಯಾಕೇಜಿನ ಸ್ಕೇಲ್ ಆಯ್ಕೆಯಿಂದ ಒಂದನ್ನು ತುಸು ತಗ್ಗಿಸಬಹುದು. ಅದೂ ಕಡತದ ತಲೆಯಲ್ಲೇ, ಒಂದೇ ಸಲ.

ತಿದ್ದಿದ ಕೈಪಿಡಿಯನ್ನು ಕ್ಯಾಂಪಿಗೆ ಕಳಿಸಿದೆವು. ಅಲ್ಲಿ ಯಾರೋ ಕಾಗದ ಉಳಿಸಲು ಎ4 ಹಾಳೆಗೆ ಎರಡೆರಡು ಪುಟ ಮುದ್ರಿಸಿದರು. ಎ4 ಪುಟ ಎ5ಕ್ಕೆ ಕುಗ್ಗಿದಾಗ ಉಳಿಯುವುದು ಸುಮಾರು ಶೇ. 71, ನನ್ನ 11 ಪಾಯಿಂಟು 7.8 ಆಯಿತು, ಮೊದಲಿನ 8ಕ್ಕಿಂತಲೂ ಕಡಿಮೆ! ಅವರನ್ನು ಬೈದು ಪ್ರಯೋಜನವಿಲ್ಲ, ಜನ ಮುದ್ರಿಸುವುದೇ ಹಾಗೆ. ಈಗ ಪುಟವನ್ನೇ ಎ5ಕ್ಕೆ ಜೋಡಿಸುತ್ತೇವೆ. ಮ್ಯಾಕ್ರೊ ಇದ್ದುದರಿಂದ 43 ಜಾಗವನ್ನು ಮುಟ್ಟಬೇಕಾಗಲಿಲ್ಲ, ಪುಟದ ಅಳತೆಯ ಒಂದು ಸಾಲು ಬದಲಿಸಿದರೆ ಸಾಕಾಯಿತು. ಕೆಲವು ಕೋಷ್ಟಕಗಳು ಮಾತ್ರ ಅಗಲ ಸಾಲದೆ ಒಡೆದವು, ಅವನ್ನು ಕೈಯಲ್ಲೇ ಕೂಡಿಸಿದೆ. ಮತ್ತೆ, ‘ಮೂಲ ವೇತನ ಮಾತ್ರ’ ಎಂಬ ಮಾತು ಈಗ ಅಡಿಟಿಪ್ಪಣಿಯಲ್ಲಿಲ್ಲ. ಕೋಷ್ಟಕದ ತಲೆಪಟ್ಟಿಯಲ್ಲೇ ಇದೆ, ‘ಎಚ್ಚರಿಕೆ’ ಮ್ಯಾಕ್ರೊದೊಳಗೆ. ಹೊಸ ಪ್ರತಿಯನ್ನು ಮೊದಲು ಕಳಿಸಿದ್ದು ರಾಯಚೂರಿಗೆ. ಫೋನಿನಲ್ಲಿ ಅವರೇ ಆ ಸಾಲನ್ನು ನನಗೆ ಓದಿ ಹೇಳಿದರು.